ಜಿಡ್ಡು, ಬೊಜ್ಜು, ಕರುಳು: ಕಲಬುರಗಿ ಕಡೆಯ ಅಡುಗೆಮನೆಗೆ ಒಂದು ಲೆಕ್ಕ

ಕುಸುಬಿ ಎಣ್ಣೆ ಒಳ್ಳೆಯದೋ ಶೇಂಗಾ ಎಣ್ಣೆಯೋ ಎಂಬ ವಾದ ಕಲಬುರಗಿಯ ಯಾವ ಕಿರಾಣಿ ಅಂಗಡಿಯ ಮುಂದೆ ನಿಂತರೂ ಕೇಳಸಿಗುತ್ತದೆ. ಆದರೆ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಮುಗಿಯುತ್ತದೆ ಎಂದು ಕೇಳಿ ನೋಡಿ, ಹೆಚ್ಚಿನವರು ಲೆಕ್ಕ ಇಟ್ಟಿರುವುದಿಲ್ಲ. ಬೊಜ್ಜಿನ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಕರುಳಿನ ಮಟ್ಟಿಗೆ ಮೂರನೆಯದೂ ಒಂದಿದೆ: ಆ ಎಣ್ಣೆ ಯಾವುದರ ಜೊತೆ ಹೊಟ್ಟೆಗೆ ಹೋಗುತ್ತಿದೆ? ಜೋಳದ ರೊಟ್ಟಿ, ಪುಂಡಿ ಪಲ್ಯದ ಜೊತೆಗೋ, ಮೈದಾದ ಖಾರಿ ಬಿಸ್ಕೀಟು, ಚಹಾದ ಜೊತೆಗೋ?

ಇಲ್ಲಿ ಕೊಟ್ಟಿರುವುದು ಆರೋಗ್ಯವಂತ ದೊಡ್ಡವರ ಲೆಕ್ಕ. ಎರಡು ವರ್ಷದೊಳಗಿನ ಮಕ್ಕಳ ಊಟದಲ್ಲಿ ಜಿಡ್ಡು ಕಡಿಮೆ ಮಾಡಬಾರದು. ಗರ್ಭಿಣಿಯರು, ಬಾಣಂತಿಯರು, ಪಿತ್ತಕೋಶ ಅಥವಾ ಮೇದೋಜ್ಜೀರಕದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಬೇಕು.

ಮೊದಲು ತಿಂಗಳ ಎಣ್ಣೆ ಅಳೆಯಿರಿ

ಒಂದನೇ ತಾರೀಖಿಗೆ ಮನೆಯಲ್ಲಿರುವ ಎಣ್ಣೆ, ತುಪ್ಪ, ಬೆಣ್ಣೆ, ಡಾಲ್ಡಾ ಎಲ್ಲವನ್ನೂ ತೂಗಿ ಬರೆದಿಡಿ. ತಿಂಗಳಿಡೀ ತಂದ ಪ್ರತಿ ಪಾಕೀಟನ್ನೂ ಅದಕ್ಕೆ ಕೂಡಿಸಿ. ಪಾಕೀಟಿನ ಮೇಲೆ ಲೀಟರ್ ಬಿಟ್ಟು ಗ್ರಾಂ ನೋಡಿ. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ನೋಡಲು ಅಷ್ಟೇ ದೊಡ್ಡದಾದ ಕೆಲವು ಪಾಕೀಟುಗಳಲ್ಲಿ ಈಗ 800 ಅಥವಾ 850 ಗ್ರಾಂ ಮಾತ್ರ ಇರುತ್ತದೆ. ತಿಂಗಳ ಕೊನೆಗೆ ಉಳಿದದ್ದನ್ನು ಕಳೆಯಿರಿ. ಬಂದ ಗ್ರಾಂಗಳನ್ನು ಮನೆಯ ತಲೆಗಳಿಂದ, ಆಮೇಲೆ 30ರಿಂದ ಭಾಗಿಸಿ. ಹತ್ತು ವರ್ಷದೊಳಗಿನ ಮಕ್ಕಳನ್ನು ಅರ್ಧ ತಲೆ ಎಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಒಂದು ಉದಾಹರಣೆ. ನಾಲ್ಕು ಜನ ದೊಡ್ಡವರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಎಣ್ಣೆ ಮುಗಿದರೆ 4,550 ಗ್ರಾಂ. ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ದಿನದ ಊಟಕ್ಕೆ ಎಣ್ಣೆ–ತುಪ್ಪ ಸೇರಿ 27 ಗ್ರಾಂ ಎಂದಿದೆ. ಅಂದರೆ ಈ ಮನೆಯಲ್ಲಿ ತಲೆಗೆ ದಿನಾಲೂ 11 ಗ್ರಾಂ, ಸುಮಾರು 100 ಕ್ಯಾಲರಿ ಹೆಚ್ಚು ಹೋಗುತ್ತಿದೆ. ತಾಟಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ನಾಲ್ಕು ಜನರ ಮನೆಗೆ 27 ಗ್ರಾಂ ಲೆಕ್ಕದಲ್ಲಿ ತಿಂಗಳಿಗೆ ಬೇಕಾಗುವುದು ತುಪ್ಪ ಸೇರಿ ಮೂರೂವರೆ ಲೀಟರ್.

ದಿನದ 27 ಗ್ರಾಂ ಎಂದರೆ ಸುಮಾರು 30 ಮಿ.ಲೀ., 5 ಮಿ.ಲೀ.ನ ಆರು ಟೀ ಚಮಚ. ತುಪ್ಪ ಒಂದು ಚಮಚ ಹಾಕಿಕೊಂಡರೆ ಎಣ್ಣೆಗೆ ಐದು ಉಳಿಯಿತು. ಮನೆಯ ಚಮಚ, ಸೌಟುಗಳ ಅಳತೆ ಒಂದೊಂದು ಮನೆಯಲ್ಲಿ ಒಂದೊಂದು ತರ. ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದ ಮೇಲೆ 5, 10 ಮಿ.ಲೀ. ಗೆರೆ ಇರುತ್ತದೆ. ಅದರಿಂದ ನೀರು ಅಳೆದು ಒಗ್ಗರಣೆ ಸೌಟಿಗೆ ಹಾಕಿ ನೋಡಿ. ಎಷ್ಟೋ ಮನೆಗಳ ಸೌಟು ತುಂಬಲು 25–30 ಮಿ.ಲೀ. ಬೇಕಾಗುತ್ತದೆ. "ಒಂದು ಸೌಟು ಎಣ್ಣೆ ಅಷ್ಟೇ ಹಾಕಿದ್ದು" ಎಂದರೆ ಒಬ್ಬರ ಇಡೀ ದಿನದ ಪಾಲು ಹಾಕಿದಂತೆ. ಡಬ್ಬಿಯಿಂದ ನೇರ ಕಡಾಯಿಗೆ ಸುರಿಯುವ ರೂಢಿ ಬಿಟ್ಟು ಚಮಚದಿಂದ ಹಾಕತೊಡಗಿದರೆ ಸಾಕು, ಬೇರೆ ಯಾವ ಬದಲಾವಣೆ ಮಾಡದಿದ್ದರೂ ತಿಂಗಳ ಲೆಕ್ಕ ಇಳಿಯುತ್ತದೆ.

ಜಿಡ್ಡು ಬೊಜ್ಜಾಗುವುದು ಹೇಗೆ

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ. ಹಿಟ್ಟು, ಸಕ್ಕರೆ, ಬ್ಯಾಳಿಯ ಪ್ರೋಟೀನಿನಲ್ಲಿ 4. ತಿಂದದ್ದನ್ನು ಅರಗಿಸಿ ಕೂಡಿಡಲು ದೇಹಕ್ಕೇ ಒಂದಿಷ್ಟು ಖರ್ಚಿದೆ. ಪ್ರೋಟೀನಿಗೆ ಅದರ ಶಕ್ತಿಯ 20–30 ಶೇಕಡಾ, ಪಿಷ್ಟಕ್ಕೆ 5–10 ಶೇಕಡಾ ಈ ಖರ್ಚಿಗೇ ಹೋಗುತ್ತದೆ. ಕೊಬ್ಬಿಗೆ ಹೋಗುವುದು ಹೆಚ್ಚೆಂದರೆ 3 ಶೇಕಡಾ. ಬೇಕಾದದ್ದಕ್ಕಿಂತ ಹೆಚ್ಚು ತಿಂದ ಕೊಬ್ಬು ಬಹುಪಾಲು ಹಾಗೆಯೇ ಚರ್ಮದ ಕೆಳಗೆ, ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೂಡುತ್ತದೆ. ಪಲ್ಯಕ್ಕೆ ಎರಡು ಚಮಚ ಎಣ್ಣೆ ಹೆಚ್ಚು ಬಿದ್ದರೆ ಪಲ್ಯದ ಗಾತ್ರ ಬೆಳೆಯುವುದಿಲ್ಲ, ಹೊಟ್ಟೆಯೂ ಬೇಗ ತುಂಬುವುದಿಲ್ಲ, ಕ್ಯಾಲರಿ ಮಾತ್ರ 80–90 ಏರುತ್ತದೆ.

ಹಾಗೆಂದು ಕೊಬ್ಬೊಂದೇ ಅಪರಾಧಿಯಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ ಇರುವ ಊಟ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಇರುವ ಊಟ ಹೇಳಲಾಯಿತು. ವರ್ಷದ ಕೊನೆಗೆ ಎರಡೂ ಗುಂಪುಗಳ ತೂಕ ಹೆಚ್ಚುಕಡಿಮೆ ಒಂದೇ ಅಷ್ಟು ಇಳಿದಿತ್ತು. ಎರಡೂ ಕಡೆ ಮೈದಾ, ಸಕ್ಕರೆ, ಪಾಕೀಟು ತಿಂಡಿ ಬಿಟ್ಟು ತರಕಾರಿ ಹೆಚ್ಚು ತಿನ್ನಿ ಎಂದಿದ್ದರು. ಮರುವರ್ಷ ಪ್ರಕಟವಾದ ಇನ್ನೊಂದು ಸಣ್ಣ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಲು ಬಿಟ್ಟರು. ಸಿದ್ಧ ತಿನಿಸಿನ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಸುಮಾರು ಒಂದು ಕಿಲೋ ತೂಕವೂ ಏರಿತು. ಜಿಡ್ಡು, ಮೈದಾ, ಸಕ್ಕರೆ, ಉಪ್ಪು ಕೂಡಿದ ಮೆತ್ತನೆಯ ತಿನಿಸು ಬೇಗ ಬೇಗ ಒಳಗಿಳಿಯುತ್ತದೆ. ಸಾಕು ಎಂಬ ಸೂಚನೆ ಬರುವುದರೊಳಗೆ ತಾಟು ಖಾಲಿ. ಎಣ್ಣೆ ಇಲ್ಲದ ಗಟ್ಟಿ ರೊಟ್ಟಿಯನ್ನು ಅಗಿದೇ ತಿನ್ನಬೇಕು. ನಮ್ಮ ಕಡೆಯ ರೊಟ್ಟಿಗಿರುವ ದೊಡ್ಡ ಗುಣ ಇದೇ, ಯಾರೂ ಹೊಗಳದ ಗುಣ.

ಕರುಳಿನಲ್ಲಿ ಏನು ನಡೆಯುತ್ತದೆ

ಕೊಬ್ಬು ಸಣ್ಣ ಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಹೊರಡುವ ಹಾರ್ಮೋನು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಪಿತ್ತಕೋಶವನ್ನು ಹಿಂಡುತ್ತದೆ. ಪಿತ್ತರಸ ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ, ಮೇದೋಜ್ಜೀರಕದ ಲೈಪೇಸ್ ಕಿಣ್ವ ಅದನ್ನು ಕತ್ತರಿಸುತ್ತದೆ. ತಿಂದ ಕೊಬ್ಬಿನಲ್ಲಿ ಸುಮಾರು 95 ಶೇಕಡಾ ಇಲ್ಲಿಯೇ ಹೀರಿಕೆಯಾಗುತ್ತದೆ. ಪಿತ್ತಾಮ್ಲಗಳೂ ಅಷ್ಟೇ, ಸುಮಾರು 95 ಶೇಕಡಾ ಸಣ್ಣ ಕರುಳಿನ ತುದಿಯಿಂದ ಯಕೃತ್ತಿಗೆ ಮರಳುತ್ತವೆ. ಉಳಿದ ಪಾಲು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಗುತ್ತದೆ. ಅವು ಅದನ್ನು ಹೆಚ್ಚು ತೀಕ್ಷ್ಣವಾದ ಬೇರೆ ಆಮ್ಲಗಳಾಗಿ ಬದಲಿಸುತ್ತವೆ. ಊಟದಲ್ಲಿ ಜಿಡ್ಡು ಹೆಚ್ಚಾದಷ್ಟೂ ಪಿತ್ತ ಹೆಚ್ಚು ಸುರಿಯಬೇಕು, ಕೆಳಗೆ ಸೋರುವುದೂ ಹೆಚ್ಚು.

ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದ ಮೇವು ನಾರು. ನಾರನ್ನು ಹುದುಗಿಸಿ ಅವು ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ತಮ್ಮ ಶಕ್ತಿಯ ಬಹುಪಾಲನ್ನು ಅದರಿಂದಲೇ ಪಡೆಯುತ್ತವೆ. ಜಿಡ್ಡು ಹೆಚ್ಚಾಗಿ ನಾರು ಕಡಿಮೆಯಾದರೆ ಈ ಬ್ಯಾಕ್ಟೀರಿಯಾ ಕುಗ್ಗುತ್ತವೆ, ಗೋಡೆಯ ಲೋಳೆ ಪದರ ತೆಳುವಾಗುತ್ತದೆ, ಬ್ಯಾಕ್ಟೀರಿಯಾದ ಹೊರಕವಚದ ವಿಷಕಣಗಳು ಚೂರುಚೂರಾಗಿ ರಕ್ತಕ್ಕೆ ದಾಟುತ್ತವೆ. ಇದರಿಂದ ಸಣ್ಣ ಪ್ರಮಾಣದ, ಆದರೆ ಸದಾ ಇರುವ ಉರಿಯೂತ ಉಂಟಾಗಿ ಇನ್ಸುಲಿನ್ ಕೆಲಸ ಮಂದವಾಗುತ್ತದೆ ಎಂಬುದು ಇಲಿಗಳಲ್ಲಿ ಚೆನ್ನಾಗಿ ಸಾಬೀತಾಗಿದೆ. ಮನುಷ್ಯರಲ್ಲೂ ಅದೇ ದಿಕ್ಕಿನ ಪುರಾವೆ ಇದೆ: 2019ರ ಚೀನಾದ ಪ್ರಯೋಗದಲ್ಲಿ 217 ಜನ ಆರೋಗ್ಯವಂತ ಯುವಕ–ಯುವತಿಯರಿಗೆ ಆರು ತಿಂಗಳು ಕ್ಯಾಲರಿಯ 20, 30 ಅಥವಾ 40 ಶೇಕಡಾ ಕೊಬ್ಬಿನಿಂದ ಬರುವ ಊಟ ಕೊಟ್ಟಾಗ, 40ರ ಗುಂಪಿನಲ್ಲಿ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾ ಇಳಿದು ಉರಿಯೂತದ ಸೂಚಕಗಳು ಏರಿದವು. ಅವರಿಗೆ ಕೊಟ್ಟದ್ದು ಬೆಣ್ಣೆಯಲ್ಲ, ಸೋಯಾ ಎಣ್ಣೆ. ಎಣ್ಣೆ "ಒಳ್ಳೆಯದು" ಎಂದ ಮಾತ್ರಕ್ಕೆ ಪ್ರಮಾಣದ ಪ್ರಶ್ನೆ ತೀರುವುದಿಲ್ಲ.

ಇಷ್ಟಕ್ಕಿಂತ ಬೇಗ ಅನುಭವಕ್ಕೆ ಬರುವ ತೊಂದರೆ ಎದೆಯುರಿ. ಜಿಡ್ಡಿನ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅನ್ನನಾಳದ ಕೆಳಗಿನ ಬಿಗಿಯನ್ನೂ ಸಡಿಲಿಸುತ್ತದೆ. ರಾತ್ರಿ ತಹರಿ (ಜಿಡ್ಡಿನ ಮಸಾಲೆ ಅನ್ನ) ಉಂಡು ಕೂಡಲೇ ಮಲಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟಕ್ಕೂ ಹಾಸಿಗೆಗೂ ನಡುವೆ ಎರಡರಿಂದ ಮೂರು ತಾಸು ಬಿಡಿ.

ಕಡಾಯಿಯಲ್ಲಿ ಎಣ್ಣೆ ಕಡಿಮೆ ಮಾಡುವುದು

ಎಣ್ಣಿಗಾಯಿಯನ್ನೇ ತೆಗೆದುಕೊಳ್ಳೋಣ, ಹೆಸರಿನಲ್ಲೇ ಎಣ್ಣೆ ಇದೆ. ನಾಲ್ಕು ಜನಕ್ಕೆ ಅರ್ಧ ಕಿಲೋ ಸಣ್ಣ ಬದನೆಕಾಯಿ, ಹುರಿದ ಶೇಂಗಾ 50 ಗ್ರಾಂ, ಎಳ್ಳು 15 ಗ್ರಾಂ, ಒಣ ಕೊಬ್ಬರಿ 20 ಗ್ರಾಂ, ಎಣ್ಣೆ 100 ಮಿ.ಲೀ. ಎಂದು ಹಿಡಿಯಿರಿ. ಎಣ್ಣೆಯಿಂದಲೇ ತಲೆಗೆ 23 ಗ್ರಾಂ ಕೊಬ್ಬು, ಮಸಾಲೆಯಿಂದ ಇನ್ನೂ 11. ಒಂದೇ ಪಲ್ಯದಲ್ಲಿ 34 ಗ್ರಾಂ.

ಇದನ್ನೇ ಹೀಗೆ ಮಾಡಿ. ಕಾಯಿ ನಾಲ್ಕು ಸೀಳು ಮಾಡಿ ಉಪ್ಪು ನೀರಿನಲ್ಲಿ ಹತ್ತು ನಿಮಿಷ ಇಡಿ. ಕೊಬ್ಬರಿ ಬಿಟ್ಟುಬಿಡಿ, ಶೇಂಗಾ–ಎಳ್ಳನ್ನು ತರಿತರಿಯಾಗಿ ಕುಟ್ಟಿ. ಹುಣಸೆ, ಬೆಲ್ಲ, ಖಾರ, ಮಸಾಲೆ, ಈರುಳ್ಳಿ ಎಂದಿನಂತೆಯೇ. ದಪ್ಪ ತಳದ ಪಾತ್ರೆಯಲ್ಲಿ 15 ಮಿ.ಲೀ.ನ ಎರಡು ಚಮಚ ಎಣ್ಣೆ ಕಾಯಿಸಿ ಒಗ್ಗರಣೆ ಹಾಕಿ, ತುಂಬಿದ ಕಾಯಿಗಳನ್ನು ಒಂದೇ ಸಾಲಾಗಿ ಇಟ್ಟು ಐದು ನಿಮಿಷ ಮೆಲ್ಲಗೆ ಹೊರಳಿಸಿ. ಅರ್ಧ ಬಟ್ಟಲು ಬಿಸಿನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ. ಕಾಯಿ ಬೆಂದ ಮೇಲೆ ಮುಚ್ಚಳ ತೆಗೆದು ನೀರು ಆರಲು ಬಿಡಿ. ಆಗ ಶೇಂಗಾ, ಎಳ್ಳು ತಾವೇ ಎಣ್ಣೆ ಬಿಟ್ಟು ಅಂಚಿನಲ್ಲಿ ತೇಲಿಸುತ್ತವೆ. ಈಗ ತಲೆಗೆ ಸುಮಾರು 15 ಗ್ರಾಂ, ಅದರಲ್ಲಿ ಎಣ್ಣೆಯ ಪಾಲು 7. ತಳ ಹಿಡಿದರೆ ಕಾರಣ ಎರಡು: ಶೇಂಗಾ ಪುಡಿ ತೀರಾ ನುಣ್ಣಗಾಗಿದೆ, ಇಲ್ಲವೇ ಉರಿ ದೊಡ್ಡದಿದೆ. ಎಣ್ಣೆ ಸುರಿಯಬೇಡಿ, ಎರಡು ಚಮಚ ಬಿಸಿನೀರು ಚಿಮುಕಿಸಿ ಉರಿ ಇಳಿಸಿ. ತಣ್ಣೀರು ಹಾಕಿದರೆ ಮಸಾಲೆ ಬೇರೆ, ನೀರು ಬೇರೆಯಾಗಿ ನಿಲ್ಲುತ್ತದೆ.

ಒಗ್ಗರಣೆಯಲ್ಲಿ ರುಚಿ ಬರುವುದು ಎಣ್ಣೆ ಚೆನ್ನಾಗಿ ಕಾದಿರುವುದರಿಂದ, ಎಣ್ಣೆ ಹೆಚ್ಚಿರುವುದರಿಂದಲ್ಲ. ನಾಲ್ಕು ಜನರ ಬ್ಯಾಳಿಗೆ ಎರಡು ಟೀ ಚಮಚ ಸಾಕು. ಅಷ್ಟು ಎಣ್ಣೆ ಅಗಲದ ಕಡಾಯಿಯಲ್ಲಿ ಹರಡಿ ಸಾಸಿವೆ ಸಿಡಿಯದೇ ಸೀದು ಹೋಗುತ್ತದೆ. ಸಣ್ಣ ಒಗ್ಗರಣೆ ಬಟ್ಟಲು ಬಳಸಿ, ಓರೆ ಹಿಡಿದು ಕಾಯಿಸಿ. ಸುಸಲಾಕ್ಕೆ ನಾಲ್ಕು ಜನಕ್ಕೆ ಎರಡು ದೊಡ್ಡ ಚಮಚ ಎಣ್ಣೆ ಆಗುತ್ತದೆ, ಚುರುಮುರಿಯನ್ನು ಹಿಂಡಿ ನೀರು ತೆಗೆದಿದ್ದರೆ.

ಮಿರ್ಚಿ ಮತ್ತು ಕರಿದ ಎಣ್ಣೆ

ಸುಸಲಾದ ಪಕ್ಕ ಮಿರ್ಚಿ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಹಾಗೆ ಹೇಳುವ ಉದ್ದೇಶವೂ ಇಲ್ಲ. ವಾರಕ್ಕೊಮ್ಮೆ ಮನೆಯಲ್ಲಿ ಮಾಡಿ. ಎಷ್ಟು ಎಣ್ಣೆ ಕುಡಿಯಿತು ಎಂದು ತಿಳಿಯಲು ಕಡಾಯಿ ಸಮೇತ ಎಣ್ಣೆಯನ್ನು ಮೊದಲು ತೂಗಿ, ಕರಿದು ಆರಿದ ಮೇಲೆ ಕಸಕಡ್ಡಿ ತೆಗೆದು ಮತ್ತೆ ತೂಗಿ. ವ್ಯತ್ಯಾಸವನ್ನು ಮಿರ್ಚಿಗಳ ಸಂಖ್ಯೆಯಿಂದ ಭಾಗಿಸಿ.

ಹೆಚ್ಚು ಎಣ್ಣೆ ಕುಡಿಯಲು ಮುಖ್ಯ ಕಾರಣ ಎಣ್ಣೆ ಸಾಕಷ್ಟು ಕಾದಿಲ್ಲದಿರುವುದು. 170ರಿಂದ 180 ಡಿಗ್ರಿ ಬೇಕು: ಹಿಟ್ಟಿನ ಒಂದು ಹನಿ ಬಿಟ್ಟರೆ ತಳಕ್ಕೆ ಹೋಗಿ ಕೂಡಲೇ ಗುಳ್ಳೆಗಳೊಂದಿಗೆ ಮೇಲೆ ಬರಬೇಕು. ಮೇಲೆಯೇ ನಿಂತು ಕಂದಾದರೆ ಹೆಚ್ಚು ಕಾದಿದೆ, ತಳದಲ್ಲೇ ಕೂತರೆ ಇನ್ನೂ ಕಾದಿಲ್ಲ. ಒಂದೇ ಸಲ ಕಡಾಯಿ ತುಂಬ ಬಿಟ್ಟರೆ ಶಾಖ ಇಳಿದು ಎಲ್ಲವೂ ಎಣ್ಣೆ ಹೀರುತ್ತವೆ. ಸೋಡಾ ಹೆಚ್ಚಾದರೂ ಅಷ್ಟೇ, ಹಿಟ್ಟಿನೊಳಗೆ ತೂತು ತೂತಾಗಿ ಎಣ್ಣೆ ತುಂಬಿಕೊಳ್ಳುತ್ತದೆ. ಒಂದು ಬಟ್ಟಲು ಕಡಲೆ ಹಿಟ್ಟಿಗೆ ಒಂದು ಚಿಟಿಕೆ ಸಾಕು. ಎರಡು ಚಮಚ ಅಕ್ಕಿ ಹಿಟ್ಟು ಸೇರಿಸಿದರೆ ಹೊರಪದರ ಗರಿಯಾಗಿ ನಿಲ್ಲುತ್ತದೆ.

ಕರಿದು ಉಳಿದ ಎಣ್ಣೆಯನ್ನು ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು, ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಮತ್ತೆ ಕರಿಯಲು ಬೇಡ, ಹಳೆ ಎಣ್ಣೆಯ ಮೇಲೆ ಹೊಸದು ಸುರಿಯುವುದಂತೂ ಬೇಡವೇ ಬೇಡ. ಹಳೆಯದರಲ್ಲಿರುವ ಕೆಟ್ಟ ಅಂಶ ಹೊಸದನ್ನೂ ಬೇಗ ಕೆಡಿಸುತ್ತದೆ. ಬಿಸಿ, ಗಾಳಿ, ಹಿಟ್ಟಿನ ತೇವ ಮೂರೂ ಸೇರಿ ಎಣ್ಣೆಯನ್ನು ಒಡೆಯುತ್ತವೆ. ಕಡಾಯಿ ಅಂಚಿಗೆ ಮೆತ್ತಿಕೊಳ್ಳುವ, ಎಷ್ಟು ತಿಕ್ಕಿದರೂ ಹೋಗದ ಕಂದು ಅಂಟು ಇದೆಯಲ್ಲ, ಅದು ಒಡೆದ ಎಣ್ಣೆ ಗಂಟುಕಟ್ಟಿದ್ದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇಂಥ ಎಣ್ಣೆ ಕರುಳಿನ ಉರಿಯೂತವನ್ನು ಹೆಚ್ಚಿಸಿದೆ. ಒಡೆದ ಅಂಶ 25 ಶೇಕಡಾ ದಾಟಿದ ಎಣ್ಣೆಯನ್ನು ಬಳಸಬಾರದು ಎಂದು ಆಹಾರ ಸುರಕ್ಷತೆ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ಮಾಡಿದೆ. ಅದನ್ನು ಅಳೆಯುವ ಯಂತ್ರ ಮನೆಯಲ್ಲಿಲ್ಲ, ಬಂಡಿಯ ಮುಂದೆ ನಿಂತವರ ಕೈಯಲ್ಲೂ ಇಲ್ಲ. ಕಣ್ಣು, ಮೂಗು ಇವೆ: ಎಣ್ಣೆ ಕಪ್ಪಗಿದೆ, ಕರಿಯುವಾಗ ಸೋಪಿನಂತೆ ನೊರೆ ನಿಲ್ಲುತ್ತದೆ, ಹಾಕುವ ಮೊದಲೇ ಹೊಗೆ ಏಳುತ್ತದೆ, ತಿಂದ ಮೇಲೆ ಗಂಟಲಿನಲ್ಲಿ ಕೆರೆತ ಉಳಿಯುತ್ತದೆ. ಇದರಲ್ಲಿ ಎರಡು ಕಂಡರೆ ಮುಂದಿನ ಬಂಡಿಗೆ ನಡೆಯಿರಿ.

ಯಾವ ಎಣ್ಣೆ?

ಕ್ಯಾಲರಿಯಲ್ಲಿ ಎಲ್ಲ ಎಣ್ಣೆಯೂ ಒಂದೇ, ಗಾಣದ್ದಿರಲಿ ರಿಫೈನ್ಡ್ ಇರಲಿ. ವ್ಯತ್ಯಾಸ ಇರುವುದು ಕೊಬ್ಬಿನಾಮ್ಲಗಳಲ್ಲಿ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ (ಒಮೇಗಾ-6 ಬಗೆಯದು) 70 ಶೇಕಡಾಕ್ಕೂ ಹೆಚ್ಚು, ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು 10ರ ಆಸುಪಾಸು. ಶೇಂಗಾ ಎಣ್ಣೆಯಲ್ಲಿ ಅರ್ಧದಷ್ಟು ಒಲೀಕ್ ಆಮ್ಲ (ಒಮೇಗಾ-9 ಬಗೆಯದು), ಪರ್ಯಾಪ್ತ 20ರ ಒಳಗೆ. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಪರ್ಯಾಪ್ತ, ತುಪ್ಪದಲ್ಲಿ 60ಕ್ಕೂ ಮೇಲೆ, ಕೊಬ್ಬರಿ ಎಣ್ಣೆಯಲ್ಲಿ 90ರ ಹತ್ತಿರ. ಪರ್ಯಾಪ್ತ ಕೊಬ್ಬು ದಿನದ ಕ್ಯಾಲರಿಯ 10 ಶೇಕಡಾ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. 2,000 ಕ್ಯಾಲರಿಗೆ ಅದು 22 ಗ್ರಾಂ, ಹಾಲು, ಮೊಸರು, ಮಾಂಸದಲ್ಲಿರುವುದೂ ಸೇರಿ.

ನಮ್ಮ ಭಾಗಕ್ಕೆ ಸರಳವಾದ ವ್ಯವಸ್ಥೆ ಇದು: ಕುಸುಬಿಯನ್ನು ಪಲ್ಯ, ಒಗ್ಗರಣೆಗೆ ಇಡಿ, ಕರಿಯಲು ಶೇಂಗಾ ಎಣ್ಣೆ ಇಡಿ. ಲಿನೋಲಿಕ್ ಹೆಚ್ಚಿರುವ ಎಣ್ಣೆ ಕರಿಯುವ ಶಾಖದಲ್ಲಿ ಬೇಗ ಒಡೆಯುತ್ತದೆ. ಗಾಣದ ಕುಸುಬಿಯಂತೂ ಬೇಗ ಹೊಗೆಯಾಡುತ್ತದೆ. ಒಲೀಕ್ ಹೆಚ್ಚಿರುವ ಹೊಸ ಕುಸುಬಿ ತಳಿಗಳೂ ಇವೆ, ಲೇಬಲ್ ನೋಡಿದರೆ ಗೊತ್ತಾಗುತ್ತದೆ. ಕುಸುಬಿ, ಸೂರ್ಯಕಾಂತಿಯ ಒಮೇಗಾ-6 ಉರಿಯೂತ ತರುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಮಾತಿಗೆ ಮನುಷ್ಯರ ಮೇಲಿನ ಪ್ರಯೋಗಗಳ ಬೆಂಬಲ ಸಿಕ್ಕಿಲ್ಲ.

ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ, ಉಷ್ಣತೆ 42–43 ಡಿಗ್ರಿಗೆ ಏರುವಾಗ, ಒಲೆಯ ಪಕ್ಕದ ಗಾಜಿನ ಬಾಟಲಿಯಲ್ಲಿ ಎಣ್ಣೆ ಇಡಬೇಡಿ. ಬೆಳಕು, ಬಿಸಿ ಎರಡೂ ಅದನ್ನು ಕಮಟಾಗಿಸುತ್ತವೆ. ಬೇಸಿಗೆಯಲ್ಲಿ ಗಾಣದ ಎಣ್ಣೆಯನ್ನು ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ, ಸ್ಟೀಲ್ ಕ್ಯಾನಿನಲ್ಲಿ, ನೆರಳಿನಲ್ಲಿ ಇಡಿ.

ವನಸ್ಪತಿ, ಬೇಕರಿ ಮಾರ್ಗರಿನ್ ವಿಷಯ ಎರಡೇ ಮಾತಿನಲ್ಲಿ ಹೇಳಬಹುದು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟ ಕೊಬ್ಬು) 2 ಶೇಕಡಾ ದಾಟುವಂತಿಲ್ಲ. ಆದರೆ ಅದರ ಜಾಗಕ್ಕೆ ಬಂದದ್ದು ಹೆಚ್ಚಾಗಿ ಪಾಮ್‌ನ ಪರ್ಯಾಪ್ತ ಕೊಬ್ಬು. ಚಹಾದ ಜೊತೆಯ ಖಾರಿ, ಬಿಸ್ಕೀಟು ಈಗಲೂ ಜಿಡ್ಡು ಮತ್ತು ಮೈದಾ ಮಾತ್ರ, ನಾರು ಇಲ್ಲವೆನ್ನುವಷ್ಟು ಕಡಿಮೆ.

ಹಿಂಡಿ (ಚಟ್ನಿಪುಡಿ): ಒಳ್ಳೆಯದು, ಆದರೆ ಅಳತೆ ಇರಲಿ

ಶೇಂಗಾದಲ್ಲಿ ಸುಮಾರು ಅರ್ಧ ಪಾಲು ಎಣ್ಣೆ. ಹತ್ತು ಗ್ರಾಂ ಶೇಂಗಾ ಹಿಂಡಿಯಲ್ಲಿ ಸುಮಾರು 4.5 ಗ್ರಾಂ ಕೊಬ್ಬು, 55 ಕ್ಯಾಲರಿ. ಅದರ ಜೊತೆ ಪ್ರೋಟೀನು, ನಾರು ಇರುವುದರಿಂದ ಬರೀ ಎಣ್ಣೆಗಿಂತ ಎಷ್ಟೋ ಮೇಲು. ತೊಂದರೆ ಬರುವುದು ಹಿಂಡಿಯ ನಡುವೆ ಗುಳಿ ಮಾಡಿ ಎಣ್ಣೆ ಸುರಿದುಕೊಳ್ಳುವಾಗ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕ್ಯಾಲರಿ, ಹಿಂಡಿಯ ಎರಡು ಪಟ್ಟು. ಎಣ್ಣೆಯ ಬದಲು ಗಟ್ಟಿ ಮೊಸರು ಕಲಸಿಕೊಳ್ಳಿ. ಹುರಿದ ಇಡೀ ಶೇಂಗಾ ತಿಂದರೆ ಅದರ ಎಣ್ಣೆಯ ಒಂದು ಪಾಲು ಬೀಜದ ಕೋಶಗಳಲ್ಲೇ ಸಿಕ್ಕಿ ಹೊರಗೆ ಹೋಗುತ್ತದೆ. ನುಣ್ಣಗೆ ಪುಡಿ ಮಾಡಿದಷ್ಟೂ ಹೀರಿಕೆ ಹೆಚ್ಚು. ತೂಕ ಇಳಿಸುವವರು ತರಿತರಿ ಹಿಂಡಿ ಮಾಡಿಕೊಳ್ಳಲಿ. ಬೀಜ, ಎಣ್ಣೆಕಾಳುಗಳಿಗೆ 27 ಗ್ರಾಂ ಎಣ್ಣೆಯ ಹೊರತಾಗಿ ದಿನಕ್ಕೆ 35 ಗ್ರಾಂ ಎಂದು ಅದೇ ಮಾರ್ಗಸೂಚಿ ಕೊಡುತ್ತದೆ. ಹಿಂಡಿ, ಎಣ್ಣಿಗಾಯಿ ಮಸಾಲೆ, ಶೇಂಗಾ ಹೋಳಿಗೆ ಎಲ್ಲ ಇದರೊಳಗೇ ಬರಬೇಕು.

ಅಗಸಿ ಹಿಂಡಿಯದು ಬೇರೆ ವಿಷಯ. ಕುಸುಬಿ, ಶೇಂಗಾದಲ್ಲಿ ಒಮೇಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅಗಸಿ ಅದನ್ನು ತುಂಬಿಕೊಡುತ್ತದೆ: ಹತ್ತು ಗ್ರಾಂನಲ್ಲಿ ಸುಮಾರು 4 ಗ್ರಾಂ ಕೊಬ್ಬು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಮೇಗಾ-3, ಜೊತೆಗೆ 2.7 ಗ್ರಾಂ ನಾರು. 200 ಗ್ರಾಂ ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಸದ್ದು ಬಂದು ನಿಲ್ಲುವವರೆಗೆ ಹುರಿಯಿರಿ, ನಾಲ್ಕೈದು ನಿಮಿಷ. ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಬಿಟ್ಟು ಬಿಟ್ಟು ತಿರುವಿ. ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರಕ್ಕೆ ಬೇಕಾದಷ್ಟೇ ಮಾಡಿ. ಬೇಸಿಗೆಯಲ್ಲಿ ಫ್ರಿಜ್ ಒಳ್ಳೆಯದು. ಪೇಂಟಿನಂಥ ವಾಸನೆ ಬಂದರೆ ಕೆಟ್ಟಿದೆ. ಇಡೀ ಅಗಸಿ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ. ದಿನಕ್ಕೆ ಎರಡು ಟೀ ಚಮಚದಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಮಲಬದ್ಧತೆ ಹೆಚ್ಚಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸಿ.

ತುಪ್ಪ ಕರುಳಿಗೆ ಮದ್ದೇ?

ತುಪ್ಪದಲ್ಲಿ ಬ್ಯುಟಿರಿಕ್ ಆಮ್ಲವಿದೆ, ಆದ್ದರಿಂದ ಕರುಳಿಗೆ ಒಳ್ಳೆಯದು ಎಂಬ ಮಾತು ಅರ್ಧ ಮಾತ್ರ ನಿಜ. ಇರುವುದು 3–4 ಶೇಕಡಾ. ಒಂದು ಚಮಚ ತುಪ್ಪದಲ್ಲಿ 0.2 ಗ್ರಾಂನೊಳಗೆ. ಅದೂ ಮೇಲಿನ ಕರುಳಿನಲ್ಲೇ ಹೀರಿಕೆಯಾಗುತ್ತದೆ, ದೊಡ್ಡ ಕರುಳಿಗೆ ತಲುಪುವುದಿಲ್ಲ. ನಾರಿನಿಂದ ಬ್ಯಾಕ್ಟೀರಿಯಾ ಅಲ್ಲೇ ಮಾಡಿಕೊಡುವುದು ಇದರ ಹಲವು ಪಟ್ಟು. ಹೋಳಿಗೆಯ ಮೇಲೆ ಒಂದು ಚಮಚ ತುಪ್ಪ ರುಚಿಗೆ ಹಾಕಿಕೊಳ್ಳಿ, ಔಷಧಿ ಎಂದು ಮೂರು ಚಮಚ ಬೇಡ.

ನಾರು ಏರಿಸುವ ಕ್ರಮ

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. 60 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ 6 ಗ್ರಾಂ ಸಿಗುತ್ತದೆ, 75 ಗ್ರಾಂ ಅಕ್ಕಿಯ ಅನ್ನದಲ್ಲಿ 2. ನಮ್ಮ ಜಿಲ್ಲೆಗೆ ಹೆಸರು ತಂದ, 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿಯ ಬ್ಯಾಳಿ 30 ಗ್ರಾಂಗೆ ಸುಮಾರು 2.7 ಗ್ರಾಂ ಕೊಡುತ್ತದೆ. ಎರಡು ರೊಟ್ಟಿ, ಒಂದು ಬಟ್ಟಲು ಬ್ಯಾಳಿ, ತಟ್ಟೆ ತುಂಬ ಮೆಂತ್ಯ–ಸೌತೆ–ಈರುಳ್ಳಿಯ ಪಚಡಿ ಸೇರಿದರೆ ಒಂದೇ ಊಟದಲ್ಲಿ 17–18 ಗ್ರಾಂ ಆಯಿತು. ಎಳ್ಳ ಅಮಾವಾಸ್ಯೆಯ ಭಜ್ಜಿ ಪಲ್ಯ (ಕರಿದ ಭಜ್ಜಿಯಲ್ಲ) ಈ ದೃಷ್ಟಿಯಿಂದ ನಮ್ಮ ಕಡೆಯ ಅತ್ಯುತ್ತಮ ಅಡುಗೆ: ಹಸಿ ತೊಗರಿ, ಅವರೆ, ಬಟಾಣಿ, ನಾಲ್ಕಾರು ಸೊಪ್ಪು, ಎಣ್ಣೆ ಒಗ್ಗರಣೆಗೆ ಮಾತ್ರ. ವರ್ಷಕ್ಕೊಮ್ಮೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಮಾತ್ರ ಯಾಕೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಮಾಡಿಕೊಳ್ಳಬಹುದು.

ಹಿಟ್ಟನ್ನು ತೀರಾ ಸಣ್ಣ ಜರಡಿಯಲ್ಲಿ ಹಿಡಿದು ತೌಡು ಚೆಲ್ಲಬೇಡಿ. ಇಷ್ಟು ದಿನ ಅನ್ನವನ್ನೇ ಹೆಚ್ಚು ಉಣ್ಣುತ್ತಿದ್ದವರು ಒಮ್ಮೆಲೇ ಮೂರು ರೊಟ್ಟಿ, ಕಾಳಿಗೆ ಹಾರಿದರೆ ಹೊಟ್ಟೆ ಉಬ್ಬರ, ಗ್ಯಾಸ್ ಖಂಡಿತ. ಆಮೇಲೆ ರೊಟ್ಟಿ ಆಗಿಬರುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ವಾರಕ್ಕೆ 5 ಗ್ರಾಂನಂತೆ, ಅಂದರೆ ಸುಮಾರು ಒಂದು ರೊಟ್ಟಿಯಷ್ಟು, ಏರಿಸಿ. ಬ್ಯಾಕ್ಟೀರಿಯಾಗಳು ಹೊಂದಿಕೊಳ್ಳಲು ಎರಡು–ಮೂರು ವಾರ ಹಿಡಿಯುತ್ತದೆ. ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿ. ಊಟದ ಕೊನೆಗೆ ಬೆಣ್ಣೆ ತೆಗೆದ ಮಜ್ಜಿಗೆ ಇರಲಿ. ಕಾಯಿಸಿದರೆ ಅದರ ಜೀವಂತ ಬ್ಯಾಕ್ಟೀರಿಯಾ ಸಾಯುತ್ತವೆ.

ಎಲ್ಲಿ ತಪ್ಪುತ್ತದೆ

ಎಣ್ಣೆಯನ್ನು ಪೂರ್ತಿ ಬಿಟ್ಟುಬಿಡುವುದು ದೊಡ್ಡ ತಪ್ಪು. ಎ, ಡಿ, ಇ, ಕೆ ಜೀವಸತ್ವಗಳು ಹೀರಿಕೆಯಾಗಲು ಜಿಡ್ಡು ಬೇಕು. ಜಿಡ್ಡೇ ಇಲ್ಲದೆ ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸಿದರೆ ಪಿತ್ತಕೋಶ ಹಿಂಡದೇ ನಿಂತು ಕಲ್ಲು ಕಟ್ಟುವ ಸಂಭವ ಏರುತ್ತದೆ. ತಿಂಗಳಿಗೆ ಒಂದೂವರೆಯಿಂದ ಎರಡು ಕಿಲೋ ಇಳಿದರೆ ಸಾಕು.

ಎಣ್ಣೆ ಮೂರೂವರೆ ಲೀಟರಿಗೆ ಇಳಿದರೂ ತೂಕ ಅಲುಗಾಡದಿದ್ದರೆ ಮನೆಯ ಹೊರಗಿನದು ಬರೆಯಿರಿ: ಆಫೀಸಿನ ಮಿರ್ಚಿ, ಮದುವೆ ಊಟ, ದಿನಕ್ಕೆ ನಾಲ್ಕು ಸಿಹಿ ಚಹಾ. ಎರಡು ಟೀ ಚಮಚ ಸಕ್ಕರೆಯ ನಾಲ್ಕು ಚಹಾದಲ್ಲಿ ಸಕ್ಕರೆಯಿಂದಲೇ 130–160 ಕ್ಯಾಲರಿ ಆಗುತ್ತದೆ, ಎಣ್ಣೆಯಲ್ಲಿ ಉಳಿಸಿದ್ದು ಅಲ್ಲೇ ಹೋಯಿತು.

ತೂಕಕ್ಕಿಂತ ಸೊಂಟದ ಸುತ್ತಳತೆ ಹೆಚ್ಚು ಹೇಳುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು ಇವುಗಳ ನಡುಮಧ್ಯೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ನೋಡಿ, ಹೊಟ್ಟೆ ಒಳಗೆಳೆಯಬೇಡಿ. ಭಾರತೀಯರಿಗೆ ಮಿತಿ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 23ರಿಂದ ತೂಕ ಹೆಚ್ಚು, 25ರಿಂದ ಬೊಜ್ಜು ಎಂದು ನಮ್ಮವರಿಗೆ ಲೆಕ್ಕ. ತಿಂಗಳಿಗೊಮ್ಮೆ ಅಳೆದರೆ ಸಾಕು.

ಕೆಲವನ್ನು ಮನೆಯ ಲೆಕ್ಕದಲ್ಲಿ ನಿಭಾಯಿಸಬಾರದು. ಮಲ ಬಿಳಿಚಿಕೊಂಡು, ಜಿಡ್ಡಾಗಿ, ದುರ್ವಾಸನೆ ಬಂದು, ನೀರು ಹಾಕಿದರೂ ತೇಲಿ ಅಂಟಿಕೊಳ್ಳುತ್ತಿದ್ದರೆ ಕೊಬ್ಬು ಅರಗುತ್ತಿಲ್ಲ ಎಂದರ್ಥ. ಜಿಡ್ಡಿನ ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ನೋವು ಬಂದು ಬಲ ಭುಜಕ್ಕೆ ಹಬ್ಬಿದರೆ ಪಿತ್ತಕೋಶ ನೋಡಿಸಬೇಕು. ಸಾಮಾನ್ಯವಾಗಿ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಗೊತ್ತಾಗುತ್ತದೆ, ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಮಲದಲ್ಲಿ ರಕ್ತ, ಪ್ರಯತ್ನವಿಲ್ಲದೆ ಇಳಿಯುವ ತೂಕ, ನಾಲ್ಕು ವಾರ ದಾಟಿದ ಭೇದಿ, ಹಳದಿಯಾದ ಕಣ್ಣು ಕಂಡರೆ ತಡ ಮಾಡದೆ ಹೋಗಿ. ಹೋಗುವಾಗ ಏನು ತಿಂದ ಮೇಲೆ, ಎಷ್ಟು ಹೊತ್ತಿಗೆ, ಎಷ್ಟು ದಿನದಿಂದ ಎಂಬುದನ್ನೂ ತಿಂಗಳ ಎಣ್ಣೆಯ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.